ಯಾರ ಹಾಗೆ ಹುಟ್ಟಿತೋ!

ಮಗು ಮಾತು ಕೇಳದಿದ್ದಾಗ ನಾವು ಆಡುವ ಮಾತೊಂದಿದೆ: "ಯಾರ ಹಾಗೆ ಹುಟ್ಟಿತೋ!" ಅದು ಬಹುಮಾನ ತಂದ ದಿನ ಈ ಸಂದೇಹ ಯಾರಿಗೂ ಬರುವುದಿಲ್ಲ, ಅಂದು ಅದು ಖಂಡಿತವಾಗಿ ನಮ್ಮ ಹಾಗೆಯೇ! ಮೊನ್ನೆ ನಾನೂ, ತನಗೆ ಬೇಕಾದದ್ದನ್ನೇ ಓದುತ್ತೇನೆಂಬ ಮಗಳ ಹಠಕ್ಕೆ ರೇಗಿ, "ನಮ್ಮ ವಂಶದಲ್ಲಿ ಇಂಥವರು ಯಾರೂ ಇರಲಿಲ್ಲ" ಎಂದುಬಿಟ್ಟೆ. ಅವಳು ಮರುಮಾತಾಡದೆ, ಪರೀಕ್ಷೆಗೆ ಓದುತ್ತಿದ್ದ ಜೀವಶಾಸ್ತ್ರದ ಪುಸ್ತಕವನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದುಹೋದಳು. ತೆರೆದಿದ್ದ ಪುಟದಲ್ಲಿ ಮಿಯಾಸಿಸ್ ಎಂಬ ಕೋಶವಿಭಜನೆಯ ಚಿತ್ರಗಳಿದ್ದವು. ಕನ್ನಡದ ಮೇಷ್ಟರಾದ ನಾನು ಕುಳಿತು ಓದಿದೆ.

ಮನುಷ್ಯನ ಜೀವಕೋಶದಲ್ಲಿ ವರ್ಣತಂತುಗಳು 46. ತಂದೆಯಿಂದ 23, ತಾಯಿಯಿಂದ 23. ಅಂಡಾಣು, ವೀರ್ಯಾಣುಗಳು ಸಿದ್ಧವಾಗುವಾಗ ಈ ಸಂಖ್ಯೆ ಅರ್ಧಕ್ಕಿಳಿಯಬೇಕು. ಮೊದಲು ಪ್ರತಿಯೊಂದು ತಂತುವೂ ತನ್ನ ಪ್ರತಿಯನ್ನು ಮಾಡಿಕೊಳ್ಳುತ್ತದೆ. ಬಳಿಕ, ನನ್ನ ದೇಹದಲ್ಲಾದರೆ, ನನ್ನ ತಂದೆಯಿಂದ ಬಂದ ತಂತು ನನ್ನ ತಾಯಿಯಿಂದ ಬಂದ ಅದರ ಜೊತೆಯ ತಂತುವಿನ ಪಕ್ಕಕ್ಕೆ ಬಂದು ಕೂಡುತ್ತದೆ. ಎರಡೂ ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಆಮೇಲೆ ಜೋಡಿಗಳು ಕೋಶದ ನಡುವೆ ಸಾಲುಗಟ್ಟುತ್ತವೆ. ಯಾವುದು ಯಾವ ಕಡೆಗೆ ಎಂಬುದಕ್ಕೆ ಕಟ್ಟಳೆಯಿಲ್ಲ. ಜೋಡಿಗಳು ಅಗಲಿ ಎರಡು ಧ್ರುವಗಳಿಗೆ ಸರಿಯುತ್ತವೆ. ಎರಡನೆಯ ವಿಭಜನೆಯಲ್ಲಿ ಪ್ರತಿಗಳೂ ಬೇರೆಯಾಗುತ್ತವೆ.

ಸಾಲುಗಟ್ಟುವ ರೀತಿಯೊಂದರಿಂದಲೇ ಆಗಬಹುದಾದ ಹಂಚಿಕೆಗಳು 83,88,608. ಹಿರಿಯರ ಎಂಬತ್ತನಾಲ್ಕು ಲಕ್ಷ ಯೋನಿಗಳ ಲೆಕ್ಕ ನೆನಪಾಯಿತು. ಇದು ಆಕಸ್ಮಿಕ ಹೊಂದಿಕೆ ಮಾತ್ರ; ಅವರಿಗೆ ಈ ವಿದ್ಯೆ ತಿಳಿದಿತ್ತೆಂದು ಯಾರೂ ಸಾಧಿಸಹೊರಡಬಾರದು! ಇನ್ನೂ ಒಂದು ಸಂಗತಿಯುಂಟು. ಹೆಣ್ಣಿನಲ್ಲಿ ಈ ಕಾರ್ಯ ಆಕೆ ಗರ್ಭದಲ್ಲಿರುವಾಗಲೇ ಮೊದಲಾಗಿ, ನಡುವೆ ನಿಂತು, ವರ್ಷಗಳ ಬಳಿಕ ಮುಂದುವರಿಯುತ್ತದೆ. ಎಂದರೆ, ಮಗಳ ಪಾಲಿನ ಹಂಚಿಕೆ ಅವಳ ಅಜ್ಜಿಯ ಬಸಿರಿನಲ್ಲೇ ಆರಂಭವಾಗಿತ್ತು. ನಾನು ಅಳಿಯನಾಗಿ ಆ ಮನೆಯ ಹೊಸಿಲು ತುಳಿಯುವುದಕ್ಕೆ ಎಷ್ಟೋ ಮೊದಲು!

ಹೀಗಿರುವಾಗ, ಹುಟ್ಟಿನಿಂದ ಬಂದುದಕ್ಕಾಗಿ ಮಕ್ಕಳನ್ನು ಹಂಗಿಸುವ ಹಕ್ಕು ನಮಗೆಲ್ಲಿಯದು? ಬೀಗುವ ಹಕ್ಕಾದರೂ ಎಲ್ಲಿಯದು? ಕೊಟ್ಟದ್ದನ್ನು ನಾವು ಆರಿಸಿ ಕೊಡಲಿಲ್ಲ. ಅವರು ಬೇಡಿ ಪಡೆಯಲಿಲ್ಲ. ಹಾಗೆಂದು ಹೊಣೆ ಕಳಚಿತೆಂದು ತಿಳಿಯಬಾರದು. ಸ್ವಭಾವವೆಲ್ಲವೂ ತಂತುವಿನಲ್ಲಿಲ್ಲ, ಬೆಳೆದ ಮನೆಯ ಪಾಲೂ ಅದರಲ್ಲಿದೆ. ತಂತುವನ್ನು ಆರಿಸಲಾರದ ನಾವು ಆಡುವ ಮಾತನ್ನು ಆರಿಸಬಲ್ಲೆವು. ಅದಕ್ಕೆ ನಾವೇ ಹೊಣೆ.

"ಇಂಥವರು ಯಾರೂ ಇರಲಿಲ್ಲ" ಎಂದು ನಾನು ಹೇಳಿದ್ದು ಶಾಸ್ತ್ರಕ್ಕೆ ಒಪ್ಪುವ ಸತ್ಯವೇ. ಅದನ್ನು ಬೈಗುಳವಾಗಿ ಹೇಳಿದ್ದು ನನ್ನ ತಪ್ಪು. ಪುಸ್ತಕವನ್ನು ಅವಳ ಕೈಗೆ ಕೊಡುವಾಗ ಅಷ್ಟನ್ನು ಒಪ್ಪಿಕೊಂಡೆ.