ಲಾಭ ಯಾರಿಗೆ, ನಷ್ಟದ ಭಯ ಯಾರಿಗೆ?



ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಕಡೆಯಿಂದ ಹೈದರಾಬಾದಿಗೋ ಬೀದರಿಗೋ ಹೋಗಿ ಬಿ.ಕಾಂ., ಬಿ.ಬಿ.ಎ. ಓದುವ ಮಕ್ಕಳು ನಮ್ಮ ಯುವಕೂಟದಲ್ಲಿದ್ದಾರೆ. ಅವರಿಗೆ ಕಾರ್ಪೊರೇಟ್ ಫೈನಾನ್ಸ್ ಎಂಬ ಪಾಠವಿದೆ. ನಾವು ಬಿ.ಎಸ್ಸಿ. ಓದಿದವರು, ನಮಗೆ ಆ ವಿಷಯ ಹೊಸದು. ಆದರೂ ಅವರ ಜೊತೆ ಕುಳಿತು ಮೊದಲ ಪಾಠಗಳನ್ನು ಓದಿದೆವು. ಓದುತ್ತಾ ಹೋದಂತೆ ಒಂದು ನೀತಿಯ ಪ್ರಶ್ನೆ ಎದುರಾಯಿತು. ಅದನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇವೆ.

ಆ ಪುಸ್ತಕದ ಅಡಿಪಾಯ ಮೂರು ಮಾತುಗಳಲ್ಲಿದೆ. ಇಂದು ಕೈಯಲ್ಲಿರುವ ನೂರು ರೂಪಾಯಿಗೆ ಮುಂದಿನ ವರ್ಷ ಬರುವ ನೂರು ರೂಪಾಯಿಗಿಂತ ಬೆಲೆ ಹೆಚ್ಚು. ಹೆಚ್ಚು ರಿಸ್ಕ್ ಹೊತ್ತವನು ಹೆಚ್ಚು ಲಾಭ ಕೇಳಬಹುದು. ಕಂಪನಿ ಮುಳುಗಿದರೂ ಷೇರುದಾರನಿಗೆ ಹೋಗುವುದು ಹಾಕಿದ ಹಣ ಮಾತ್ರ, ಅವನ ಮನೆ ಹೊಲವನ್ನು ಯಾರೂ ಮುಟ್ಟುವಂತಿಲ್ಲ. ಕಂಪನಿಯ ಹೆಸರಿನ ಕೊನೆಗೆ ಬರುವ ‘ಲಿಮಿಟೆಡ್’ ಎಂಬ ಪದದ ಅರ್ಥ ಇದೇ.

ಬಡ್ಡಿಯ ವಿಷಯದಲ್ಲಿ ಧರ್ಮಸಭೆ ಶತಮಾನಗಳ ಕಾಲ ಬಹಳ ಬಿಗಿಯಾಗಿತ್ತು. 1745ರಲ್ಲಿ ಜಗದ್ಗುರು 14ನೇ ಬೆನೆಡಿಕ್ಟರು ‘ವಿಕ್ಸ್ ಪೆರ್ವೆನಿತ್’ ಎಂಬ ಪತ್ರದಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡರು. ಸಾಲ ಕೊಟ್ಟೆ ಎಂಬ ಒಂದೇ ಕಾರಣಕ್ಕೆ ಅಸಲಿಗಿಂತ ಹೆಚ್ಚು ಕೇಳುವ ಹಕ್ಕಿಲ್ಲ, ಆದರೆ ಸಾಲದ ಹೊರಗಿನ ನ್ಯಾಯವಾದ ಕಾರಣಗಳು ಇರಬಹುದು ಎಂದು ಅವರು ವಿವರಿಸಿದರು. ಆ ಕಾರಣಗಳನ್ನು ದೈವಶಾಸ್ತ್ರಜ್ಞರು ಎಣಿಸಿಟ್ಟಿದ್ದರು: ಸಾಲ ಕೊಟ್ಟಿದ್ದರಿಂದ ಆದ ನಷ್ಟ, ಕೈತಪ್ಪಿದ ಲಾಭ, ಹಣ ಮರಳಿ ಬಾರದಿರುವ ಅಪಾಯ. ಕೈತಪ್ಪಿದ ಲಾಭಕ್ಕೆ ಇಂದಿನ ಪುಸ್ತಕ ‘ಅಪಾರ್ಚುನಿಟಿ ಕಾಸ್ಟ್’ ಎನ್ನುತ್ತದೆ. ಅಪಾಯಕ್ಕೆ ‘ರಿಸ್ಕ್ ಪ್ರೀಮಿಯಂ’ ಎನ್ನುತ್ತದೆ. ಹಳೆಯ ದೈವಶಾಸ್ತ್ರ, ಹೊಸ ಹಣಕಾಸು ಶಾಸ್ತ್ರ ಎರಡೂ ಇಲ್ಲಿ ಒಪ್ಪುತ್ತವೆ: ಹೆಚ್ಚಿನ ಲಾಭ ಕೇಳುವವನು ನಷ್ಟದ ಭಯವನ್ನೂ ಹೊರಬೇಕು.

ಹಾಗಾದರೆ ಲಾಭ ಒಬ್ಬರಿಗೆ, ಭಯ ಇನ್ನೊಬ್ಬರಿಗೆ ಆದರೆ? ಇದಕ್ಕೆ ಉದಾಹರಣೆ ನಮ್ಮ ನೆಲದಲ್ಲೇ ಇದೆ. ದೇಶದಲ್ಲೆಲ್ಲ ಹೆಸರಾದ ಎಸ್‌ಕೆಎಸ್ ಮೈಕ್ರೋಫೈನಾನ್ಸ್ ಸಾಲ ಕೊಡಲು ಆರಂಭಿಸಿದ್ದು 1998ರಲ್ಲಿ, ನಮ್ಮ ನಾರಾಯಣಖೇಡದ ಹಳ್ಳಿಗಳಲ್ಲಿ. ಆಗ ಅದು ಲಾಭಕ್ಕಾಗಿ ನಡೆಯದ ‘ಸ್ವಯಂ ಕೃಷಿ ಸಂಘಂ’ ಆಗಿತ್ತು. ಐದೈದು ಮಹಿಳೆಯರ ಗುಂಪು, ಅಡಮಾನವಿಲ್ಲದ ಸಾಲ, ವಾರದ ಕಂತು. 2005ರಲ್ಲಿ ಅದು ಬ್ಯಾಂಕೇತರ ಹಣಕಾಸು ಕಂಪನಿಯಾಯಿತು. 2010ರ ಆಗಸ್ಟಿನಲ್ಲಿ ಷೇರುಪೇಟೆಗೆ ಬಂದು, ಷೇರಿಗೆ 985 ರೂಪಾಯಿಯಂತೆ 1,600 ಕೋಟಿಗೂ ಹೆಚ್ಚು ಹಣ ಎತ್ತಿತು. ಎರಡೇ ತಿಂಗಳಲ್ಲಿ, ಆ ಅಕ್ಟೋಬರಿನಲ್ಲಿ, ಅಂದಿನ ಆಂಧ್ರಪ್ರದೇಶ ಸರ್ಕಾರ ವಸೂಲಿಯ ಕಿರುಕುಳ ಮತ್ತು ಸಾಲಗಾರರ ಆತ್ಮಹತ್ಯೆಗಳ ದೂರುಗಳ ಹಿನ್ನೆಲೆಯಲ್ಲಿ ಎಲ್ಲ ಕಿರುಸಾಲ ಕಂಪನಿಗಳ ಮೇಲೆ ಸುಗ್ರೀವಾಜ್ಞೆ ತಂದಿತು. ವಸೂಲಿ ಕುಸಿಯಿತು, ಷೇರಿನ ಬೆಲೆಯೂ ಕುಸಿಯಿತು.

ನ್ಯಾಯವಾಗಿ ಎರಡೂ ಕಡೆ ನೋಡಬೇಕು. ಪೇಟೆಯ ಬಂಡವಾಳ ಬಾರದಿದ್ದರೆ ಅಷ್ಟು ಹಳ್ಳಿಗಳಿಗೆ ಸಾಲ ತಲುಪುತ್ತಿರಲಿಲ್ಲ. ಬ್ಯಾಂಕಿನ ಬಾಗಿಲಿನಿಂದ ಬರಿಗೈಲಿ ಮರಳಿದವರಿಗೆ ಉಳಿದಿದ್ದ ದಾರಿ ಬಡ್ಡಿ ವ್ಯಾಪಾರಿಯದು. ಷೇರುದಾರರೂ ಕೊನೆಗೆ ನಷ್ಟ ಉಂಡರು. ಆದರೆ ಅವರ ನಷ್ಟಕ್ಕೆ ‘ಲಿಮಿಟೆಡ್’ ಎಂಬ ಗೋಡೆ ಇತ್ತು. ಗುಂಪು ಸಾಲದ ಹೆಣ್ಣುಮಗಳಿಗೆ ಅಂಥ ಗೋಡೆ ಇಲ್ಲ. ಮಳೆ ಕೈಕೊಟ್ಟು ತೊಗರಿ ಒಣಗಿದರೂ ವಾರದ ಕಂತು ನಿಲ್ಲದು. ಅವಳು ಕಟ್ಟದಿದ್ದರೆ ಉಳಿದ ನಾಲ್ವರು ಕಟ್ಟಬೇಕು. ತನ್ನ ಸಾಲದ ಜೊತೆಗೆ ನೆರೆಯವಳ ಸಾಲಕ್ಕೂ ಅವಳು ಹೊಣೆ. ಹಣವಂತನ ಹೊಣೆಗೆ ಮಿತಿ ಇದೆ, ಬಡವಳ ಹೊಣೆಗೆ ಮಿತಿ ಇಲ್ಲ. ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಬೀಸುವ ಕಲ್ಲನ್ನು ಒತ್ತೆ ಹಿಡಿಯಬಾರದೆಂದು ವಿಧಿಸುತ್ತದೆ, ಏಕೆಂದರೆ ಅದು ಮನೆಯವರ ಅನ್ನ. ಬಡವರ ಹೊಣೆಗೂ ಒಂದು ಮಿತಿ ಬೇಕು ಎಂಬ ವಿವೇಕ ಅಷ್ಟು ಹಳೆಯದು.

ಬೇರೆ ದಾರಿಯೂ ನಮ್ಮಲ್ಲೇ ಇದೆ. ಜಹೀರಾಬಾದ್ ಬಳಿಯ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು 1990ರ ದಶಕದಲ್ಲಿ ಬೀಳು ಹೊಲಗಳನ್ನು ಉಳಲು ಸಾಲ ಕೊಟ್ಟು, ಅದನ್ನು ಕೆಲವು ವರ್ಷಗಳಲ್ಲಿ ಜೋಳದ ರೂಪದಲ್ಲಿ ತೀರಿಸಿಕೊಂಡವು. ಆ ಜೋಳ ಊರಿನ ಬಡವರಿಗೆ ಕಡಿಮೆ ಬೆಲೆಗೆ ಹೋಯಿತು. ಜೋಳದಲ್ಲಿ ತೀರಿಸುವಾಗ ಪೇಟೆಯ ದರ ಇಳಿದರೆ ಆ ಭಾರ ರೈತ ಮಹಿಳೆಯೊಬ್ಬಳ ತಲೆಯ ಮೇಲೆ ಬೀಳುವುದಿಲ್ಲ. ಇದರಿಂದ ದೇಶದ ಸಾಲದ ಹಸಿವೆಲ್ಲ ತೀರುತ್ತದೆಂದು ನಾವು ಹೇಳುತ್ತಿಲ್ಲ. ಭಯವನ್ನು ಹಂಚಿಕೊಳ್ಳಬಹುದು ಎಂಬುದಕ್ಕೆ ಇದು ಸಾಕ್ಷಿ.

ಓದುವ ಮಕ್ಕಳಿಗೆ ಒಂದು ಲೆಕ್ಕ. ಹತ್ತು ಸಾವಿರ ಸಾಲಕ್ಕೆ ‘ಶೇ. 12 ಬಡ್ಡಿ’ ಎಂದು 1,200 ಸೇರಿಸಿ, ವಾರಕ್ಕೆ 224ರಂತೆ 50 ವಾರ ಕಟ್ಟಿಸಿಕೊಂಡರು ಎನ್ನೋಣ. ಅಸಲು ವಾರ ವಾರ ಇಳಿಯುತ್ತಿದ್ದರೂ ಬಡ್ಡಿ ಹಾಕಿದ್ದು ಪೂರ್ತಿ ಹತ್ತು ಸಾವಿರಕ್ಕೆ. ಉಳಿದ ಬಾಕಿಗೆ ಮಾತ್ರ ಬಡ್ಡಿ ಎಂದು ಲೆಕ್ಕ ಹಾಕಿದರೆ ಅದು ವರ್ಷಕ್ಕೆ ಸುಮಾರು ಶೇ. 24 ಆಗುತ್ತದೆ. ಈ ಲೆಕ್ಕ ಬಲ್ಲ ಮಗ ಅಥವಾ ಮಗಳು ಇರುವ ಮನೆಗೆ ಅದೇ ಒಂದು ಕಾವಲು. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಕಿರುಸಾಲಕ್ಕೆ ಅಡಮಾನ ಕೇಳುವಂತಿಲ್ಲ, ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ, ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರುವಂತಿಲ್ಲ. ಬಡ್ಡಿ, ಶುಲ್ಕ ಎಲ್ಲವನ್ನೂ ತೋರಿಸುವ ಒಂದು ಹಾಳೆಯನ್ನು ಸಾಲಗಾರರಿಗೆ ಕೊಡಲೇಬೇಕು.

ಒಂದೇ ಮನೆಯಲ್ಲಿ ಅವ್ವ ಗುಂಪು ಸಾಲ ಕಟ್ಟುತ್ತಾಳೆ, ಮಗ ಫೀಲ್ಡ್ ಆಫೀಸರನಾಗಿ ಪಕ್ಕದ ಊರಿಗೆ ವಸೂಲಿಗೆ ಹೋಗುತ್ತಾನೆ. ನಮ್ಮ ಯುವಕರು ನಾಳೆ ಮೇಜಿನ ಎರಡೂ ಬದಿಯಲ್ಲಿ ಕೂರುವವರು. ಅವರಿಗೆ ನಾವು ಹೇಳುವುದಿಷ್ಟು: ಫೈನಾನ್ಸ್ ಓದಿ, ಚೆನ್ನಾಗಿ ಓದಿ. ಲಾಭವೇ ಪಾಪ ಎನ್ನಬೇಡಿ. ಆದರೆ ಪ್ರತಿ ಲೆಕ್ಕದ ಕೊನೆಗೆ, ಮಳೆ ಬಾರದ ವರ್ಷ ಈ ನಷ್ಟವನ್ನು ಯಾರು ಹೊರುತ್ತಾರೆ ಎಂದು ಕೇಳಿ. ‘ಸಾಲ ಪಡೆದವಳೇ’ ಎಂಬುದು ಉತ್ತರವಾದರೆ, ರಿಸ್ಕ್ ಹೆಸರಿನಲ್ಲಿ ಹೆಚ್ಚು ಬಡ್ಡಿ ಕೇಳುವ ನ್ಯಾಯ ಸಾಲ ಕೊಟ್ಟವನಿಗೆ ಉಳಿಯುವುದಿಲ್ಲ.

ಮನೆಯಲ್ಲಿರುವ ಸಾಲದ ಹಾಳೆಯನ್ನು ಭಾನುವಾರ ಬಲಿಪೂಜೆಯ ನಂತರ ಯುವಕೂಟಕ್ಕೆ ತನ್ನಿ. ತೆಲುಗಿನಲ್ಲಿರಲಿ, ಇಂಗ್ಲಿಷಿನಲ್ಲಿರಲಿ, ಕನ್ನಡದಲ್ಲಿ ಓದಿ ಹೇಳುತ್ತೇವೆ, ನಿಮ್ಮ ಜೊತೆ ಕುಳಿತು ಲೆಕ್ಕ ಹಾಕುತ್ತೇವೆ.