ತಾರತಮ್ಯವೂ ತೃಪ್ತಿಯೂ

ತಿರುಮಕೂಡಲು ನರಸೀಪುರದ ಶ್ರೀ ಗುಂಜಾ ನರಸಿಂಹಸ್ವಾಮಿಯ ಕರದಲ್ಲಿ ಗುಲಗಂಜಿ ಇರುವುದನ್ನು ಸಜ್ಜನರು ದರ್ಶನ ಮಾಡಿರುವರು. ಕಾವೇರಿ ಕಪಿಲೆಯರು ಕೂಡುವ ಈ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿ ತೂಕದಷ್ಟು ಅಧಿಕವೆಂಬುದಕ್ಕೆ ಅದು ಸಂಕೇತವೆಂದು ಹಿರಿಯರು ಹೇಳುತ್ತಾರೆ. ಈ ಮಾತಿನಿಂದ ಕಾಶಿಗೆ ನ್ಯೂನತೆಯಾಗಲಿಲ್ಲ. ಕಾಶಿಗೆ ಹೋಗಲಾರದ ಬಡವನಿಗೆ ಸಮಾಧಾನವಾಯಿತು. ಆದರೆ ನಾವು ಮನೆಗಳಲ್ಲಿ ನಿತ್ಯವೂ ಹಿಡಿಯುವ ತಕ್ಕಡಿ ಇಂತಹುದಲ್ಲ. ಅದರಲ್ಲಿ ಗುಲಗಂಜಿ ತೂಕ ಹೆಚ್ಚಾದವನಿಗೆ ಗರ್ವ, ಕಡಮೆಯಾದವನಿಗೆ ಸಂತಾಪ.

ಮಗನು ಪರೀಕ್ಷೆಯಲ್ಲಿ ಶೇಕಡಾ 90 ಅಂಕ ಗಳಿಸಿದನೆಂದು ಮನೆಯಲ್ಲಿ ಪಾಯಸವಾಗುತ್ತದೆ. ಅಷ್ಟರಲ್ಲಿ ದಾಯಾದಿಯ ಮಗನಿಗೆ 95 ಬಂದಿತೆಂಬ ಸುದ್ದಿ ತಲುಪುತ್ತದೆ. ಮಗನ ಅಂಕಗಳಲ್ಲಿ ಒಂದೂ ಕಡಮೆಯಾಗಿಲ್ಲ; ಆದರೂ ಪಾಯಸದ ಸಿಹಿ ಇಲ್ಲವಾಯಿತು. ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಈಸ್ಟರ್ಲಿನ್ ಅವರು 1974ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇಂತಹುದನ್ನೇ ವಿಚಾರಿಸಿದ್ದಾರೆ. ಒಂದು ದೇಶದೊಳಗೆ ಧನಿಕರು ಬಡವರಿಗಿಂತ ತಾವು ಸುಖಿಗಳೆಂದು ಹೇಳಿಕೊಳ್ಳುವರು. ಆದರೆ ದೇಶದ ಆದಾಯವೆಲ್ಲ ಏರಿದರೂ ಜನರ ಸುಖವು ಅದರೊಡನೆ ಏರುವುದಿಲ್ಲವೆಂಬುದು ಅವರ ವಾದ. ಬೇರೆ ವಿದ್ವಾಂಸರು ಇದನ್ನು ಆಕ್ಷೇಪಿಸಿದ್ದಾರಾದರೂ, ಪಾಯಸದ ಅನುಭವ ನಮಗೆಲ್ಲರಿಗೂ ಪರಿಚಿತವೇ.

ಹಾಗಾದರೆ ಹೆಚ್ಚು ಕಡಮೆಗಳೇ ದುಃಖಕ್ಕೆ ಕಾರಣವೇ? ಎಲ್ಲರೂ ಸಮಾನರಾದರೆ ಮಾತ್ರ ಸುಖವೇ? ಶ್ರೀಮದಾಚಾರ್ಯರ ಸಿದ್ಧಾಂತವು ಹಾಗೆ ಹೇಳುವುದಿಲ್ಲ. ತೈತ್ತಿರೀಯೋಪನಿಷತ್ತಿನ ಆನಂದವಲ್ಲಿಯು ಮನುಷ್ಯಾನಂದದಿಂದ ಆರಂಭಿಸಿ, ಮೆಟ್ಟಿಲಿಗೆ ನೂರ್ಮಡಿಯಂತೆ, ಮೇಲುಮೇಲಿನ ಆನಂದಗಳನ್ನು ಎಣಿಸುತ್ತದೆ. ಮೋಕ್ಷದಲ್ಲಿಯೂ ಆನಂದತಾರತಮ್ಯವಿದೆಯೆಂಬುದು ನಮ್ಮ ಮತದ ವಿಶೇಷ. ಆದರೂ ಅಲ್ಲಿ ದುಃಖದ ಲೇಶವಿಲ್ಲ. ಏಕೆಂದರೆ ಪ್ರತಿಯೊಬ್ಬ ಮುಕ್ತನೂ ತನ್ನ ಯೋಗ್ಯತೆಗೆ ತಕ್ಕಷ್ಟು ಪೂರ್ಣನು. ಸಂಗಮದ ನೀರನ್ನು ಆನೆಯೂ ಕುಡಿಯುತ್ತದೆ, ಗುಬ್ಬಿಯೂ ಕುಡಿಯುತ್ತದೆ. ದಾಹ ಹಿಂಗಿದ ಗುಬ್ಬಿಯು ಆನೆಯಷ್ಟು ಕುಡಿಯಲಿಲ್ಲವೆಂದು ಅಳುವುದಿಲ್ಲ. ಅಲ್ಲದೆ ಅಲ್ಲಿ ಕೆಳಗಿನವರು ಮೇಲಿನವರನ್ನು ಗುರುಗಳೆಂದು ಕಾಣುವರೇ ಹೊರತು ಎದುರಾಳಿಗಳೆಂದಲ್ಲ. ಆದುದರಿಂದ ದುಃಖದ ಮೂಲ ತಾರತಮ್ಯವಲ್ಲ, ಮಾತ್ಸರ್ಯ.

ಇಲ್ಲಿ ಒಂದು ಎಚ್ಚರ ಅವಶ್ಯ. ಶಾಸ್ತ್ರವು ಹೇಳುವ ತಾರತಮ್ಯ ಜೀವಸ್ವರೂಪದ್ದು. ಅದನ್ನು ಸಂಬಳದಿಂದಲೋ ಅಂಕಪಟ್ಟಿಯಿಂದಲೋ ಕುಲದಿಂದಲೋ ಅಳೆಯುವ ಅಧಿಕಾರ ನಮಗಿಲ್ಲ. ಬನ್ನೂರಿನಲ್ಲಿ ಅವತರಿಸಿದ, ಸೋಸಲೆಯ ಮಠವು ಯಾರ ಹೆಸರನ್ನು ಹೊತ್ತಿದೆಯೋ ಆ ಶ್ರೀ ವ್ಯಾಸರಾಜರ ಕಥೆಯನ್ನು ನೆನೆಯಬಹುದು. ಯಾರೂ ಕಾಣದೆಡೆಯಲ್ಲಿ ಬಾಳೆಹಣ್ಣನ್ನು ತಿಂದು ಬನ್ನಿರೆಂದು ಗುರುಗಳು ಶಿಷ್ಯರಿಗೆ ಅಪ್ಪಣೆ ಮಾಡಿದರಂತೆ. ಉಳಿದವರೆಲ್ಲ ತಾವು ಕಂಡುಕೊಂಡ ಮರೆಯನ್ನು ಹೆಮ್ಮೆಯಿಂದ ಹೇಳಿಕೊಂಡರು. ಕನಕದಾಸರೊಬ್ಬರೇ ಹರಿಯು ಕಾಣದ ಸ್ಥಳ ದೊರಕಲಿಲ್ಲವೆಂದು ಹಣ್ಣನ್ನು ಹಿಂದಕ್ಕೆ ತಂದರು. ಅವರು ಪಂದ್ಯಕ್ಕೆ ಇಳಿಯಲೇ ಇಲ್ಲ. ಅವರ ದೃಷ್ಟಿ ಸಹಪಾಠಿಗಳ ಮೇಲಿರಲಿಲ್ಲ, ಹರಿಯ ಮೇಲಿತ್ತು.

ಸ್ಪರ್ಧೆಯಿಲ್ಲದಿದ್ದರೆ ಮಕ್ಕಳು ಓದುವರೇ ಎಂದು ಕೆಲವರು ಕೇಳಬಹುದು. ಈ ಪ್ರಶ್ನೆ ಹುರುಳಿಲ್ಲದ್ದಲ್ಲ. ಸ್ಪರ್ಧೆಯು ಓಡಿಸುತ್ತದೆ, ನಿಜ. ಆದರೆ ಗೆದ್ದ ದಿನ ಅದರ ಬಲ ಮುಗಿಯುತ್ತದೆ. ಸೋತ ದಿನ ಅದೇ ವಿಷವಾಗುತ್ತದೆ. ಅಂಕ ಕಡಮೆಯಾಯಿತೆಂದು ತಂದೆತಾಯಿಯ ಮುಖ ನೋಡಲಂಜುವ ಮಗುವಿನ ಸಂಕಟಕ್ಕೆ ಹೊಣೆ ಯಾರು? ವಿದ್ಯೆಯನ್ನೇ ಪ್ರೀತಿಸಿ, ಹರಿಪ್ರೀತ್ಯರ್ಥವೆಂದು ಓದುವವನಿಗೆ ನೆರೆಮನೆಯ ಅಂಕಗಳು ಬೇಕಿಲ್ಲ. ತನಗಿಂತ ಬಲ್ಲವನು ಎದುರಾದರೆ ಅವನಿಂದ ಕಲಿಯುವನು. ಆ ಪ್ರಯತ್ನಕ್ಕೆ ಕೊನೆಯಿಲ್ಲ. ಆದುದರಿಂದ ಮಗುವನ್ನು, ಯಾರಿಗಿಂತ ಮುಂದೆ ಬಂದೆ ಎಂದು ಕೇಳದೆ, ನಿನ್ನೆ ತಿಳಿಯದ ಯಾವುದನ್ನು ಇಂದು ತಿಳಿದೆ ಎಂದು ಕೇಳುವ ಅಭ್ಯಾಸ ನಮ್ಮ ಮನೆಗಳಲ್ಲಿ ಬೆಳೆಯಲಿ.

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ರಥಗಳು ಹೊರಡುತ್ತವೆ. ಅವು ಒಂದೇ ಅಳತೆಯವಲ್ಲ. ಶ್ರೀಕಂಠೇಶ್ವರನ ಗೌತಮ ರಥವೇ ಎಲ್ಲಕ್ಕಿಂತ ದೊಡ್ಡದು. ಆದರೆ ಚಿಕ್ಕ ರಥದ ಹಗ್ಗ ಹಿಡಿದವನ ಸೇವೆ ಚಿಕ್ಕದೆಂದು ಯಾರೂ ಹೇಳಲಾರರು. ನಮ್ಮ ಕೈಗೆ ಬಂದ ಹಗ್ಗವನ್ನು ಶ್ರದ್ಧೆಯಿಂದ ಎಳೆಯೋಣ. ಪಕ್ಕದ ರಥವು ಸಾಗುವುದನ್ನು ಕಂಡು ಸಂತೋಷಪಡೋಣ.

ಶ್ರೀಕೃಷ್ಣಾರ್ಪಣಮಸ್ತು.