ಜೀರ್ಣೋದ್ಧಾರದ ಧರ್ಮ

ಹಳೆಯ ವಸ್ತುವೊಂದನ್ನು ಸರಿಪಡಿಸಲು ಕುಳಿತವನ ಮುಂದೆ ಎರಡು ಪ್ರಶ್ನೆಗಳು ಬಂದು ನಿಲ್ಲುತ್ತವೆ. ಇದನ್ನು ಸರಿಮಾಡುವುದು ಹೇಗೆ ಎಂಬುದು ಮೊದಲನೆಯದು. ಅದಕ್ಕೆ ಉತ್ತರ ಹೇಳಲು ಬಡಗಿ, ಕಮ್ಮಾರ, ಮೆಕ್ಯಾನಿಕ್ಕು ಇದ್ದಾರೆ. ಎಲ್ಲಿಯವರೆಗೆ ಸರಿಮಾಡುವುದು ಎಂಬುದು ಎರಡನೆಯದು. ಒಂದು ಭಾಗ ಸವೆಯಿತು, ಬದಲಾಯಿಸಿದೆವು. ಇನ್ನೊಂದು ಮುರಿಯಿತು, ಅದನ್ನೂ ಬದಲಾಯಿಸಿದೆವು. ಹೀಗೆ ಒಂದೊಂದಾಗಿ ಎಲ್ಲವೂ ಹೊಸದಾದ ಮೇಲೆ ಉಳಿಯುವುದು ನಾವು ಮೊದಲು ಕೈಗೆತ್ತಿಕೊಂಡ ವಸ್ತುವೆ, ಅಥವಾ ಅದರ ಹೆಸರು ಹೊತ್ತ ಬೇರೊಂದೆ? ಇದಕ್ಕೆ ಮೆಕ್ಯಾನಿಕ್ಕಿನ ಪೆಟ್ಟಿಗೆಯಲ್ಲಿ ಉತ್ತರವಿಲ್ಲ. ನಾನು ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನು. ಯಂತ್ರಕ್ಕೂ ನನಗೂ ದೂರ. ಆದರೂ ಈ ಪ್ರಶ್ನೆ ನನಗೆ ನಿಚ್ಚಳವಾಗಿ ಕಂಡದ್ದು ಇಂಗ್ಲೆಂಡಿನ ಒಂದು ಮನೆಯ ಗ್ಯಾರೇಜಿನಲ್ಲಿ.

ನನ್ನ ಹೆಂಡತಿಯ ತಮ್ಮ ಇಂಜಿನಿಯರು. ಬಹಳ ವರ್ಷಗಳಿಂದ ಆಕ್ಸ್‌ಫರ್ಡಿನ ದಕ್ಷಿಣಕ್ಕೆ ಆಬಿಂಗ್ಡನ್ ಎಂಬ ಊರಿನ ಬಳಿ ನೆಲೆಸಿದ್ದಾನೆ. 2023ರ ಬೇಸಗೆ ರಜೆಯಲ್ಲಿ ನಾವು ಆರು ವಾರ ಅವನ ಮನೆಯಲ್ಲಿದ್ದೆವು. ಅವನ ಬಳಿ 1972ನೆಯ ಇಸವಿಯ ಒಂದು ಎಂ.ಜಿ.ಬಿ. ಕಾರು ಇದೆ: ಎರಡೇ ಆಸನ, ಮಡಚಿ ಹಿಂದಕ್ಕೆ ಸರಿಸುವ ಬಟ್ಟೆಯ ಚಾವಣಿ, ಉದ್ದನೆಯ ಮೂತಿ. ಸ್ಪೋರ್ಟ್ಸ್ ಕಾರು ಎಂದರೆ ಏನೆಂದು ಮಗುವನ್ನು ಕೇಳಿದರೆ ಇಂಥದೇ ಚಿತ್ರ ಬರೆದು ತೋರಿಸೀತು. 1962ರಿಂದ 1980ರವರೆಗೆ ಆಬಿಂಗ್ಡನ್ನಿನ ಕಾರ್ಖಾನೆಯಿಂದ ಈ ಜಾತಿಯ ಕಾರುಗಳು ಐದು ಲಕ್ಷಕ್ಕೂ ಹೆಚ್ಚು ಹೊರಬಂದವು. 1980ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಕಾರು ಮಾತ್ರ ಹುಟ್ಟಿದ ಊರಿನ ಆಸುಪಾಸಿನಲ್ಲೇ ಮುಪ್ಪನ್ನು ಕಳೆಯುತ್ತಿದೆ.

ಅದನ್ನು ಅವನಿಗೆ ಮಾರಿದವರು ಪಕ್ಕದ ಮನೆಯ ವೃದ್ಧರು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ತಾವೇ ಇಟ್ಟುಕೊಂಡಿದ್ದವರು, ಕಣ್ಣು ಮಂಜಾದಾಗ ಕಡಮೆ ಬೆಲೆಗೆ ಕೊಟ್ಟು, ಒಂದು ಮಾತು ತೆಗೆದುಕೊಂಡರಂತೆ: ಇದನ್ನು ಓಡಿಸುತ್ತಿರಬೇಕು, ಮೂಲೆಯಲ್ಲಿ ನಿಲ್ಲಿಸಿ ಸಾಯಗೊಡಬಾರದು. ಅವರು ಈಗಿಲ್ಲ. ಮಾತು ಕೊಟ್ಟವನು ಇದ್ದಾನೆ.

ಮುದಿ ಕಾರಿನ ಆರೈಕೆ ಎಂದರೆ ಏನೆಂದು ಆ ಆರು ವಾರಗಳಲ್ಲಿ ಕಂಡೆ. 1798 ಸಿ.ಸಿ.ಯ ಇಂಜಿನ್ನು, ಅದಕ್ಕೆ ಉಸಿರೂಡುವ ಎರಡು ಎಸ್.ಯು. ಕಾರ್ಬ್ಯುರೇಟರುಗಳು. ಪ್ರತಿಯೊಂದರ ನೆತ್ತಿಯ ಮುಚ್ಚಳ ತಿರುಗಿಸಿ ಒಂದಿಷ್ಟು ಎಣ್ಣೆ ಹಾಕಬೇಕು. ಮರೆತರೆ ವೇಗ ಕೂಡಿಸಿದಾಗ ಕಾರು ಮುಗ್ಗರಿಸುತ್ತದೆ. ಎರಡೂ ಒಂದೇ ಸಮ ಗಾಳಿ ಎಳೆಯುತ್ತಿವೆಯೆ ಎಂದು ತಿಳಿಯಲು ರಬ್ಬರ್ ಕೊಳವೆಯ ಒಂದು ತುದಿಯನ್ನು ಅವುಗಳ ಬಾಯಿಗೂ ಇನ್ನೊಂದನ್ನು ತನ್ನ ಕಿವಿಗೂ ಹಿಡಿದು, ಎರಡರ ಬುಸುಗುಟ್ಟುವಿಕೆಯೂ ಸಮನಾಗುವವರೆಗೆ ಅವನು ತಿರುಪು ತಿರುಗಿಸುತ್ತಿದ್ದ. ತಂಬೂರಿ ಶ್ರುತಿ ಮಾಡುವವರನ್ನು ನೋಡಿದಂತಾಗುತ್ತಿತ್ತು. ಕಿಡಿ ಹಾರಿಸುವ ಪಾಯಿಂಟುಗಳ ನಡುವಿನ ಸಂದು 0.015 ಇಂಚು ಇರಬೇಕು. ಮುಂದಿನ ಗಾಲಿಗಳ ಕೀಲುಗಳಿಗೆ ಮೂರು ಸಾವಿರ ಮೈಲಿಗೊಮ್ಮೆ ಗ್ರೀಸು ತುಂಬಬೇಕು.

ಇವೆಲ್ಲಕ್ಕಿಂತ ಅವನು ಹೆಚ್ಚು ಗಮನ ಕೊಡುತ್ತಿದ್ದದ್ದು ಪೆಟ್ರೋಲಿನ ಕೊಳವೆಗಳಿಗೆ. 2021ರಿಂದ ಬ್ರಿಟನ್ನಿನ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡಾ 10ರವರೆಗೆ ಎಥನಾಲ್ ಬೆರೆಯುತ್ತಿದೆ. ಹಳೆಯ ರಬ್ಬರನ್ನು ಅದು ಮೆಲ್ಲನೆ ತಿನ್ನುತ್ತದೆ. ಈ ಇಂಜಿನ್ನಿನಲ್ಲಿ ಕಾರ್ಬ್ಯುರೇಟರುಗಳಿರುವುದು ಕಾದ ಹೊಗೆಕೊಳವೆ ಇರುವ ಮಗ್ಗುಲಲ್ಲೇ, ಅದರ ಮೇಲುಗಡೆ. ಅಲ್ಲಿ ಒಂದು ಕೊಳವೆ ಬಿರಿದರೆ ಏನಾದೀತೆಂದು ಹೇಳಬೇಕಾಗಿಲ್ಲ.

"ಭಾವ, ಹೊಸ ಕಾರಿನಲ್ಲಿ ಏನಾದರೂ ಕೆಟ್ಟರೆ ಎದುರಿಗೆ ದೀಪ ಹತ್ತುತ್ತೆ. ಇದರಲ್ಲಿ ನಮ್ಮ ಕಿವಿ, ನಮ್ಮ ಮೂಗೇ ದೀಪ, ನೋಡಿ" ಎಂದ ಒಂದು ದಿನ.

ಕಿವಿಗೆ ಕೇಳದ, ಮೂಗಿಗೆ ತಿಳಿಯದ ರೋಗವೊಂದು ಆ ಕಾರಿಗೆ ಹಿಡಿದಿತ್ತು. ಬಾಗಿಲುಗಳ ಕೆಳಗೆ, ಮುಂದಿನ ಗಾಲಿಯಿಂದ ಹಿಂದಿನ ಗಾಲಿಯವರೆಗೆ, ಪೆಟ್ಟಿಗೆಯಂತೆ ಹಾಯುವ ಭಾಗಕ್ಕೆ ಅವರು ಸಿಲ್ ಎನ್ನುತ್ತಾರೆ. ನಮ್ಮ ಹೊಸ್ತಿಲು ಎಂಬ ಮಾತೇ ಅದು. ಈ ಕಾರಿಗೆ ಬೇರೆ ಚೌಕಟ್ಟು ಇಲ್ಲ. ದೇಹದ ತಗಡೇ ಬೆನ್ನೆಲುಬು, ಹೊಸ್ತಿಲೇ ಅದರ ಮುಖ್ಯ ಆಧಾರ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಎರಚುವ ಉಪ್ಪೂ ಐವತ್ತು ವರ್ಷದ ತೇವವೂ ಸೇರಿ ಒಳಗಿನಿಂದ ಅದನ್ನು ತಿಂದುಹಾಕಿದ್ದವು. ಮೇಲೆ ಬಣ್ಣ ಹೊಳೆಯುತ್ತಿತ್ತು. ಅವನು ಸ್ಕ್ರೂಡ್ರೈವರ್ ಒತ್ತಿದರೆ ಹಪ್ಪಳದಲ್ಲಿ ಇಳಿದಂತೆ ಇಳಿಯಿತು.

ದಾರಿ ಎರಡಿದ್ದವು. ಕೊಳೆತದ್ದನ್ನೆಲ್ಲ ಕೊಯ್ದು ಹೊಸ ತಗಡನ್ನು ಬೆಸೆಯುವುದು ಒಂದು. ಇಡೀ ದೇಹವನ್ನೇ ಬದಲಾಯಿಸುವುದು ಇನ್ನೊಂದು. ಬ್ರಿಟಿಷ್ ಮೋಟರ್ ಹೆರಿಟೇಜ್ ಎಂಬ ಸಂಸ್ಥೆಯವರು ಹಳೆಯ ಅಚ್ಚುಗಳನ್ನೇ ಹುಡುಕಿ ತೆಗೆದು 1988ರಲ್ಲಿ ಎಂ.ಜಿ.ಬಿ.ಯ ಹೊಸ ದೇಹಗಳನ್ನು ತಯಾರಿಸತೊಡಗಿದರು. ಅಂಥದೊಂದನ್ನು ಕೊಂಡು ಹಳೆಯ ಇಂಜಿನ್ನು, ಗಾಲಿ, ಆಸನಗಳನ್ನು ಅದಕ್ಕೆ ಜೋಡಿಸಬಹುದು. ಹೊಸ ದೇಹ ನಿಸ್ಸಂದೇಹವಾಗಿ ಗಟ್ಟಿ. ಆದರೆ ಅದಾದ ಮೇಲೆ ಅದು ಆ ವೃದ್ಧರ ಕಾರೆ? ನಮ್ಮಲ್ಲಿ ಚರ್ಚೆ ಹತ್ತಿದ್ದು ಇಲ್ಲಿ.

ವಾಚಕರಲ್ಲಿ ಹಲವರಿಗೆ ಥೀಸಿಯಸ್ಸನ ಹಡಗಿನ ವಿಷಯ ನೆನಪಾಗಿರಬೇಕು. ಅಥೆನ್ಸಿನವರು ಆ ವೀರನ ಹಡಗನ್ನು ಕಾಪಾಡಿ, ಲಡ್ಡಾದ ಹಲಗೆಗಳನ್ನು ಒಂದೊಂದಾಗಿ ಬದಲಾಯಿಸುತ್ತ ಬಂದರೆಂದೂ, ಅದು ಅದೇ ಹಡಗು ಹೌದೋ ಅಲ್ಲವೋ ಎಂದು ತಾರ್ಕಿಕರು ಜಗಳವಾಡಿದರೆಂದೂ ಪ್ಲೂಟಾರ್ಕ್ ಬರೆದಿದ್ದಾನೆ. 1655ರಲ್ಲಿ ಥಾಮಸ್ ಹಾಬ್ಸ್ ಈ ತೊಡಕಿಗೆ ಇನ್ನೊಂದು ಗಂಟು ಹಾಕಿದ: ಬಿಸಾಡಿದ ಹಲಗೆಗಳನ್ನೆಲ್ಲ ಒಬ್ಬನು ಕೂಡಿಟ್ಟು ಅವುಗಳಿಂದಲೇ ಮತ್ತೊಂದು ಹಡಗು ಕಟ್ಟಿದರೆ, ಎರಡರಲ್ಲಿ ನಿಜವಾದದ್ದು ಯಾವುದು? ಗ್ಯಾರೇಜಿನಲ್ಲಿ ಇದು ಬರಿಯ ತರ್ಕದ ಆಟವಲ್ಲ. ಗುಜರಿಗೆ ಹಾಕಿದ ಹಳೆಯ ದೇಹವನ್ನು ಮತ್ತೊಬ್ಬ ಕೊಂಡು, ತೇಪೆ ಹಾಕಿ, ಬೇರೆ ಇಂಜಿನ್ನು ಕೂಡಿಸಿದರೆ ರಸ್ತೆಯ ಮೇಲೆ ಎರಡು ಕಾರುಗಳಾಗುತ್ತವೆ. ಎರಡೂ ತಾನೇ 1972ರದು ಎಂದೀತು.

ನಮ್ಮ ನೆಲದ ಉತ್ತರ ಬೇರೊಂದು ದಿಕ್ಕಿನಿಂದ ಬಂದಿದೆ. ಮಿಲಿಂದಪ್ರಶ್ನದಲ್ಲಿ ಭಿಕ್ಷು ನಾಗಸೇನನು ದೊರೆ ಮಿಲಿಂದನನ್ನು ಕೇಳುತ್ತಾನೆ: ನೀನು ರಥದಲ್ಲಿ ಬಂದೆ, ರಥವೆಂದರೆ ಅಚ್ಚೆ? ಚಕ್ರವೆ? ನೊಗವೆ? ಅವೊಂದೂ ರಥವಲ್ಲ, ಅವನ್ನು ಬಿಟ್ಟು ಬೇರೆ ರಥವೂ ಇಲ್ಲ. ಅವೆಲ್ಲ ಕೂಡಿದಾಗ ರಥವೆಂಬ ವ್ಯವಹಾರ ನಡೆಯುತ್ತದೆ, ಅಷ್ಟೆ. ಗಾಲಿ, ಅಚ್ಚು, ಇಂಜಿನ್ನುಗಳನ್ನು ನೆಲದ ಮೇಲೆ ಸಾಲಾಗಿ ಬಿಚ್ಚಿಟ್ಟ ಗ್ಯಾರೇಜಿನಲ್ಲಿ ನಿಂತವನಿಗೆ ಈ ಮಾತು ಕಣ್ಣಿಗೆ ಕಂಡ ಸಂಗತಿ.

ಆದರೆ ವ್ಯವಹಾರವೂ ಸುಲಭವಲ್ಲ. ಬಹುಮಟ್ಟಿಗೆ ಮಾರ್ಪಾಡಾದ ವಾಹನ ತನ್ನ ಹಳೆಯ ನಂಬರನ್ನು ಉಳಿಸಿಕೊಳ್ಳಲು ಬ್ರಿಟನ್ನಿನ ವಾಹನ ದಾಖಲೆಯ ಕಚೇರಿಯಲ್ಲಿ ಬಹುವರ್ಷ ಒಂದು ಅಂಕಪಟ್ಟಿ ಬಳಕೆಯಲ್ಲಿತ್ತು. 14ರಲ್ಲಿ 8 ಅಂಕ ಬಂದರೆ ತೇರ್ಗಡೆ. ಚೌಕಟ್ಟಿಗೆ ಅಥವಾ ದೇಹಕ್ಕೆ 5; ಸ್ಪ್ರಿಂಗು ಮುಂತಾದ ಆಧಾರಗಳು, ಅಚ್ಚುಗಳು, ಗೇರುಗಳು, ಸ್ಟಿಯರಿಂಗು ಒಂದೊಂದಕ್ಕೂ 2; ಇಂಜಿನ್ನಿಗೆ ಕೇವಲ 1. ಕಾರಿನ ಹೃದಯವೆಂದು ನಾವು ತಿಳಿದದ್ದಕ್ಕೆ ಒಂದೇ ಅಂಕ! ಪರೀಕ್ಷೆಯ ಪತ್ರಿಕೆ ತಿದ್ದುವ ನನಗೆ ನಗು ಬಂತು. ಆದರೂ ಆ ಪಟ್ಟಿಯಲ್ಲಿ ಒಂದು ವಿವೇಕವಿತ್ತು: ಆತ್ಮ ಎಲ್ಲಿದೆ ಎಂದು ಹುಡುಕದೆ, ಎಷ್ಟು ಉಳಿದರೆ ಸಾಕು ಎಂದು ಅದು ಕೇಳುತ್ತಿತ್ತು.

ಇದೇ ಪ್ರಶ್ನೆ 1990ರಲ್ಲಿ ಲಂಡನ್ನಿನ ಹೈಕೋರ್ಟಿನ ಕಟಕಟೆ ಹತ್ತಿತು. 1929 ಮತ್ತು 1930ರ ಲೆಮಾನ್ ಪಂದ್ಯಗಳನ್ನು ಗೆದ್ದಿದ್ದ, 'ಓಲ್ಡ್ ನಂಬರ್ ಒನ್' ಎಂದು ಹೆಸರಾದ ಬೆಂಟ್ಲಿ ಕಾರನ್ನು ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದವರು ಆಮೇಲೆ ಹಿಂಜರಿದರು. ಇದು ಆ ಕಾರೇ ಅಲ್ಲ ಎಂದರು. ಅವರ ಮಾತಿಗೆ ಆಧಾರವಿತ್ತು. ಪಂದ್ಯದಿಂದ ಪಂದ್ಯಕ್ಕೆ ಅದರ ಭಾಗಗಳು ಬದಲಾಗಿದ್ದವು, 1932ರ ಭೀಕರ ಅಪಘಾತದ ನಂತರ ಅದನ್ನು ಮತ್ತೆ ಕಟ್ಟಲಾಗಿತ್ತು. ಗೆದ್ದ ದಿನದ ಲೋಹ ಬಹಳ ಕಡಮೆ ಉಳಿದಿತ್ತು. ನ್ಯಾಯಾಧೀಶ ಆಟನ್ ಎಲ್ಲವನ್ನೂ ತೂಗಿ ನೋಡಿ, ಇದೇ ಓಲ್ಡ್ ನಂಬರ್ ಒನ್ ಎಂದು ತೀರ್ಪಿತ್ತರು. ಹೊಸ ಭಾಗಗಳು ಕಾಲಕಾಲಕ್ಕೆ ಹಳೆಯದರಲ್ಲಿ ಬೆರೆತುಹೋದವು. ನಡುವೆ ಎಲ್ಲಿಯೂ ಕಾರಿನ ಬಾಳು ಕಡಿದುಹೋಗಲಿಲ್ಲ. ಆ ಹೆಸರಿಗೆ ಹಕ್ಕು ಹೂಡುವ ಬೇರೆ ಕಾರೂ ಇಲ್ಲ. ಆದರೆ ಗೆದ್ದ ದಿನ ಇದ್ದಂತೆಯೇ ಇದೆ ಎಂದು ಹೇಳಿಕೊಳ್ಳುವ ಹಕ್ಕು ಅದಕ್ಕಿಲ್ಲ ಎಂದೂ ಅವರು ಸ್ಪಷ್ಟಪಡಿಸಿದರು.

ಈ ಕೊನೆಯ ಮಾತಿನಲ್ಲಿ ನಮ್ಮ ಪ್ರಶ್ನೆಯ ಕೀಲಿಕೈ ಇದೆಯೆಂದು ನನಗನ್ನಿಸುತ್ತದೆ. ಲೋಹ ಉಳಿದಿದೆಯೆ ಎಂಬುದು ಒಂದು ಪ್ರಶ್ನೆ, ಬಾಳು ಉಳಿದಿದೆಯೆ ಎಂಬುದು ಮತ್ತೊಂದು. ಎರಡನ್ನೂ ಬೆರೆಸಿದಾಗ ಗೊಂದಲ. ಒಂದನ್ನು ತೋರಿಸಿ ಇನ್ನೊಂದರ ಬೆಲೆ ಕೇಳಿದಾಗ ಮೋಸ. ನಮ್ಮ ಶಾಸನಗಳನ್ನು ಓದಿದವರಿಗೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಪರಿಚಿತ. ದೇವಾಲಯಕ್ಕೆ ಭೂಮಿಯನ್ನು ಬಿಡುವಾಗ ಪೂಜೆ ನೈವೇದ್ಯಗಳ ಜೊತೆಗೆ ಒಡೆದು ಬಿರಿದದ್ದನ್ನು ಸರಿಪಡಿಸುವ ವೆಚ್ಚಕ್ಕೂ ಎಂದು ಬರೆಸುತ್ತಿದ್ದರು. ಗುಡಿ ಹೊಸದಾಗಿರುವಾಗಲೇ ಅದು ಒಂದು ದಿನ ಬಿರಿಯುತ್ತದೆಂದು ದಾನಿಗೆ ಗೊತ್ತಿತ್ತು. ತನ್ನ ಕಲ್ಲು ಕೊನೆಯವರೆಗೂ ನಿಲ್ಲಲಿ ಎಂಬ ಹಟ ಅಲ್ಲಿ ಕಾಣುವುದಿಲ್ಲ. ಆರೈಕೆ ನಿಲ್ಲದಿರಲಿ ಎಂಬ ಏರ್ಪಾಡು ಕಾಣುತ್ತದೆ.

ಹೀಗೆ ನೋಡಿದರೆ 'ಅದೇ ವಸ್ತು' ಎಂಬುದನ್ನು ತಗಡಿನೊಳಗೆ ಹುಡುಕಿ ಪ್ರಯೋಜನವಿಲ್ಲ. ಯಾರಿಗೆ ಏನೆಂದು ಮಾತು ಕೊಟ್ಟಿದ್ದೇವೆ ಎಂದು ಕೇಳಬೇಕು. ವಸ್ತುಸಂಗ್ರಹಾಲಯದವನು ಮುಂದಿನ ತಲೆಮಾರಿಗೆ ಕೊಟ್ಟ ಮಾತು, ಆ ಕಾಲದ ಕೆಲಸವನ್ನು ಇದ್ದಂತೆ ತೋರಿಸುತ್ತೇನೆ ಎಂಬುದು. ಅವನು ಒಂದು ತಿರುಪು ಬದಲಾಯಿಸಲೂ ಹಿಂಜರಿಯಬೇಕು. ನನ್ನ ಭಾವಮೈದುನ ಕೊಟ್ಟ ಮಾತು ಓಡಿಸುತ್ತಿರುತ್ತೇನೆ ಎಂಬುದು. ಅವನು ಒಂದು ತಿರುಪಿನ ಮೇಲಿನ ಮಮತೆಯಿಂದ ಕಾರನ್ನು ನಿಲ್ಲಿಸಿಬಿಟ್ಟರೆ ವಚನಭಂಗ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಇಷ್ಟು ಹಣ, ಇಷ್ಟು ಕಾಲ, ಒಂದು ಮುದಿ ಆಟದ ಬಂಡಿಗಾಗಿ! ಅಜ್ಜ ನೆಟ್ಟ ಆಲದ ಮರಕ್ಕೆ ನೇಣು ಹಾಕಿಕೊಂಡಂತೆ ಅಲ್ಲವೆ? ಹೊಗೆಯನ್ನು ಶುದ್ಧಿಮಾಡುವ ಸಾಧನವೂ ಅದರಲ್ಲಿಲ್ಲ. ಇದೆಲ್ಲ ನಿಜ, ಇಂಥ ಕಾರು ಲೋಕಕ್ಕೆ ಅವಶ್ಯವೆಂದು ನಾನು ವಾದಿಸಲಾರೆ. ಮನೆಯಲ್ಲಿ ಬೇರೊಂದು ಕಾರಿರುವವನಿಗೆ ಇದು ವಿಲಾಸವೇ. ಆದರೆ ವಿಲಾಸದಲ್ಲಿ ಕೊಟ್ಟ ಮಾತೂ ಮಾತೇ. ಹಳೆಯದನ್ನು ಕಾಪಾಡುವ ಹೆಮ್ಮೆ ಮತ್ತೊಬ್ಬರ ಮೈಮೇಲೆ ಬೀಳಬಾರದು ಎಂಬುದು ಮಾತ್ರ ಇದಕ್ಕೆ ಕಟ್ಟಬೇಕಾದ ಮೇರೆ.

ಆ ದೇಶದ ಕಾನೂನು ಈ ಮೇರೆಯನ್ನು ಮಾಲೀಕನ ಕೈಗೇ ಬಿಟ್ಟಿದೆ. 2018ರ ಮೇ ತಿಂಗಳಿನಿಂದ, 40 ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ಕಾರುಗಳಿಗೆ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ; ಕಾರು ರಸ್ತೆಗೆ ಯೋಗ್ಯವಾಗಿರಬೇಕೆಂಬ ಹೊಣೆ ಮಾತ್ರ ತಪ್ಪಿಲ್ಲ. ಪರೀಕ್ಷಕನಿಲ್ಲದ ಕೋಣೆಯಲ್ಲಿ ಕುಳಿತು ಪರೀಕ್ಷೆ ಬರೆಯುವ ವಿದ್ಯಾರ್ಥಿಯ ಸ್ಥಿತಿ ಇದು. ನನ್ನ ಭಾವಮೈದುನ ವರ್ಷಕ್ಕೊಮ್ಮೆ ತಾನಾಗಿಯೇ ದುಡ್ಡು ಕೊಟ್ಟು ತಪಾಸಣೆ ಮಾಡಿಸುತ್ತಾನೆ. "ಬೇಡ ಅಂದಮೇಲೆ ಯಾಕಪ್ಪ?" ಎಂದು ಕೇಳಿದೆ. "ನನ್ನ ಕಾರು ಅಂದರೆ ನನ್ನ ಕಣ್ಣಿಗೆ ಎಲ್ಲ ಚೆನ್ನಾಗೇ ಕಾಣುತ್ತೆ, ಭಾವ. ರಸ್ತೆ ದಾಟುವ ಮಗುವಿಗೆ ಇದು ಯಾರ ಕಾರಾದರೇನು?" ಎಂದ.

ಕೊನೆಗೆ ಅವನು ಆರಿಸಿಕೊಂಡದ್ದು ಬೆಸುಗೆಯ ದಾರಿ. ಹೊಸ್ತಿಲನ್ನು ಕೊಯ್ದಾಗ ಕಾರು ನಡು ಬಾಗದಂತೆ ಕೆಳಗೆ ಆಧಾರ ಕೊಟ್ಟು, ಬಾಗಿಲಿನ ತೆರಪಿಗೆ ಅಡ್ಡಪಟ್ಟಿ ಬಿಗಿದು, ಬಾಗಿಲಿನ ಸಂದು ಕೂದಲೆಳೆಯಷ್ಟೂ ಕಿರಿದಾಗಿಲ್ಲವೆಂದು ಅಳೆದಳೆದು ನೋಡುತ್ತಿದ್ದ. ಕೊಯ್ಯುವುದು, ಉಜ್ಜುವುದು, ಹೊಂದಿಸುವುದು ಎಲ್ಲ ತನ್ನ ಕೈಯಿಂದಲೇ. ಆದರೆ ಭಾರ ಹೊರುವ ಬೆಸುಗೆಗಳನ್ನು ಕಸುಬುದಾರನೊಬ್ಬನನ್ನು ಮನೆಗೆ ಕರೆಸಿ ಹಾಕಿಸಿದ. ಮನೆಯ ಕೆಲಸಕ್ಕೂ ಒಂದು ಹದ್ದು ಉಂಟೆಂದು ಅರಿತವನ ಲಕ್ಷಣ ಅದು. ಹೊಸ ದೇಹ ತರಿಸಿದ್ದರೂ ಮಾತು ಕೆಡುತ್ತಿರಲಿಲ್ಲವೆಂದೇ ನನ್ನ ಅಭಿಪ್ರಾಯ, ಒಂದು ಷರತ್ತಿನ ಮೇಲೆ: ಅದನ್ನು ಮರೆಮಾಚಬಾರದು.

ಆ ಷರತ್ತನ್ನು ಕಾಯಲು ಅವರಲ್ಲಿ ಒಂದು ಪುಸ್ತಕವಿದೆ. ವೃದ್ಧರು ಆರಂಭಿಸಿದ್ದು. ಯಾವ ದಿನ ಯಾವ ಭಾಗ ಹೋಯಿತು, ಯಾವುದು ಬಂತು, ಎಷ್ಟು ವೆಚ್ಚವಾಯಿತು ಎಂದು ಓರೆ ಅಕ್ಷರಗಳಲ್ಲಿ ಬರೆದಿದ್ದಾರೆ. ಒಂದು ಪುಟದ ನಡುವೆ ಅಕ್ಷರ ಬದಲಾಗುತ್ತದೆ. ಅಲ್ಲಿಂದ ಮುಂದೆ ನನ್ನ ಭಾವಮೈದುನನ ದುಂಡು ಬರಹ. ಹೊಸ್ತಿಲು ಹೊಸದೆಂದೂ, ಬೆಸೆದವನು ತಾನಲ್ಲವೆಂದೂ ಅದರಲ್ಲಿ ಸೇರಿದೆ. ಕಾರಿನ ಹಳಮೆ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ಆ ಪುಸ್ತಕವನ್ನೇ ತೋರಿಸುತ್ತೇನೆ. ತಗಡು ತುಕ್ಕು ಹಿಡಿಯುವುದನ್ನು ತಡೆಯುವ ಶಕ್ತಿ ಯಾರಿಗೂ ಇಲ್ಲ. ತಾನು ಪಡೆದದ್ದೇನು, ತಾನು ಬದಲಾಯಿಸಿದ್ದೇನು ಎಂದು ಮುಂದಿನವನಿಗೆ ಸುಳ್ಳಿಲ್ಲದೆ ಬರೆದಿಡುವ ಶಕ್ತಿ ಎಲ್ಲರಿಗೂ ಇದೆ. ಮನೆಯಾಗಲಿ ಭಾಷೆಯಾಗಲಿ ಆಚಾರವಾಗಲಿ, ನಮ್ಮ ಕೈಗೆ ಬಂದ ಯಾವ ಹಳೆಯ ವಸ್ತುವಿನ ವಿಷಯದಲ್ಲಿಯೂ ಇದಕ್ಕಿಂತ ಹೆಚ್ಚಿನ ನಿಷ್ಠೆ ಸಾಧ್ಯವಿಲ್ಲ; ಇದಕ್ಕಿಂತ ಕಡಮೆಯಾದರೆ ಅದನ್ನು ಜೀರ್ಣೋದ್ಧಾರವೆಂದು ಕರೆಯುವುದೂ ಸಲ್ಲದು.